ಬಿಲ್ಲೆಟ್ ಆಯಿಲ್ ಪಂಪ್ ಅಂದರೆ?

ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ, ಎಂಜಿನ್ ಒಳಗೆಲ್ಲ ಆಯಿಲ್ ಹರಿಸುವ ಆಯಿಲ್ ಪಂಪ್ ಕೇಳಿ ನೋಡಿ. ಎಂಜಿನ್ ಟ್ಯೂನ್ ಆಗಿದೆ ಅಂತ ಬಾಯಿಬಿಟ್ಟರೆ ಸಾಕು, 'ಹಾಗಾದ್ರೆ ಬಿಲ್ಲೆಟ್ ಹಾಕ್ಸಿ ಸರ್' ಅನ್ನುತ್ತಾರೆ. ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ.

ಬಿಲ್ಲೆಟ್ ಅಂದರೆ ಲೋಹದ ಗಟ್ಟಿ ತುಂಡು. ಉಕ್ಕಿನ ಅಂಥ ತುಂಡನ್ನು ಮಷಿನ್‌ನಲ್ಲಿ ಕೊರೆದು ತೆಗೆದ ಗೇರ್ ಇದ್ದರೆ ಅದು ಬಿಲ್ಲೆಟ್ ಪಂಪ್. ಕಾರಿನ ಜೊತೆ ಬರುವ ಪಂಪ್‌ಗಳ ಗೇರ್ ಸಾಮಾನ್ಯವಾಗಿ ಸಿಂಟರ್ಡ್. ಲೋಹದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಪೂರ್ತಿ ಕರಗದಷ್ಟು ಬಿಸಿಯಲ್ಲಿ ಬೇಯಿಸಿ ಮಾಡಿದ್ದು. ಒಂಥರಾ ತಂಬಿಟ್ಟು ಕಟ್ಟಿದ ಹಾಗೆ. ದಿನಾ ಆಫೀಸಿಗೆ ಓಡಾಡುವ ಕಾರಿಗೆ ಇದು ಧಾರಾಳವಾಯಿತು.

ಅಂಥ ಗೇರ್ ಒಡೆದಿದ್ದನ್ನು ಒಮ್ಮೆ ಗೆಳೆಯನ ಹಳೇ ಕಾರಿನಲ್ಲಿ ನೋಡಿದೆ. ಮೆಕ್ಯಾನಿಕ್ ಅಣ್ಣ ಪಂಪ್ ಬಿಚ್ಚಿ, ಒಳಗಿನ ಗೇರಿನ ಎರಡು ಹೋಳನ್ನು ನ್ಯೂಸ್‌ಪೇಪರ್ ಮೇಲಿಟ್ಟರು. ಒಡೆದ ಜಾಗ ಬೆಲ್ಲದ ಅಚ್ಚು ಮುರಿದ ಹಾಗೆ ಹರಳು ಹರಳಾಗಿತ್ತು. 'ಮುಂದಿನ ಪುಲ್ಲಿ ಬದಲಾಯಿಸಿದ್ರಾ?' ಅಂತ ಕೇಳಿದರು. ಹೌದು, ತೂಕ ಕಮ್ಮಿ ಆಗಲಿ ಅಂತ ಇವನು ಡ್ಯಾಂಪರ್ ಇದ್ದ ಪುಲ್ಲಿ ತೆಗೆದು ಹಗುರದ್ದು ಹಾಕಿಸಿದ್ದ.

ತಪ್ಪು ಅಲ್ಲೇ ಆಗಿತ್ತು. ಪ್ರತಿ ಸಿಲಿಂಡರ್ ಉರಿದಾಗಲೂ ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ಮುಖ್ಯ ದಂಡ, ಒಂದಿಷ್ಟು ತಿರುಚಿ ವಾಪಸ್ ಬರುತ್ತದೆ. ಆ ನಡುಕವನ್ನು ಡ್ಯಾಂಪರ್ ನುಂಗುತ್ತದೆ. ಅದಿಲ್ಲದಿದ್ದರೆ ಕ್ರ್ಯಾಂಕ್ ಮೂತಿಯಲ್ಲೇ ಕೂತ ಪಂಪ್ ಗೇರಿಗೆ ಏಟು ಬೀಳುತ್ತಲೇ ಇರುತ್ತದೆ. ಎಂಜಿನ್ ವೇಗ ಮಿತಿ ಮೀರದಂತೆ ತಡೆಯುವ ರೆವ್ ಲಿಮಿಟರ್‌ಗೆ ಪದೇ ಪದೇ ಬಡಿದರೂ ಅಷ್ಟೇ. ನಿಸಾನ್‌ನ ಆರ್‌ಬಿ26 ಎಂಜಿನ್ ಕಟ್ಟುವವರಿಗೆ ಇದು ಹಳೇ ತಲೆನೋವು. ಅದರ ಮೊದಮೊದಲ ಕ್ರ್ಯಾಂಕ್‌ಗಳಲ್ಲಿ ಪಂಪ್ ತಿರುಗಿಸುವ ಚಪ್ಪಟೆ ಭಾಗವೂ ಕಿರಿದು. ಬಿಲ್ಲೆಟ್ ಗೇರಿಗೆ ಕೊಡುವ ದುಡ್ಡು ಈ ಏಟು ತಡೆಯುವುದಕ್ಕೆ, ಪ್ರೆಶರ್‌ಗಲ್ಲ.

ಅಂದಹಾಗೆ, ಪಂಪ್ ಪ್ರೆಶರ್ ಹುಟ್ಟಿಸುವುದೇ ಇಲ್ಲ. ಆಯಿಲ್ ತಳ್ಳುತ್ತದೆ, ಅಷ್ಟೇ. ಬೇರಿಂಗ್‌ಗಳ ಸಣ್ಣ ಸಂದಿಯಲ್ಲಿ ಆಯಿಲ್ ತಡೆದಾಗ ಪ್ರೆಶರ್ ಏಳುತ್ತದೆ. ಸವೆದ ಬೇರಿಂಗ್‌ಗೆ ಎಂಥ ಪಂಪ್ ಹಾಕಿದರೂ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ, ಬಿಸಿ ಎಂಜಿನ್ ಐಡಲ್‌ನಲ್ಲಿ ನಿಂತಾಗ ಆಯಿಲ್ ಪ್ರೆಶರ್ ಗೇಜಿನ ಮುಳ್ಳು ಕೆಳಗೇ ಇರುತ್ತದೆ. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಪ್ರೆಶರ್ ಇರಬೇಕು ಅನ್ನುವುದು ಹಳೇ ಮಾತು, ಒಂದು ಅಂದಾಜು. ಅದಕ್ಕಿಂತ ಜಾಸ್ತಿ ಬೇಕು ಅಂತ ಸುಮ್ನೆ, ಪ್ರೆಶರ್ ಹೆಚ್ಚಾದಾಗ ಆಯಿಲ್ ವಾಪಸ್ ಬಿಡುವ ರಿಲೀಫ್ ವಾಲ್ವ್‌ಗೆ ಬಿಗಿ ಸ್ಪ್ರಿಂಗ್ ಹಾಕಿದರೆ ಆಯಿಲ್ ಬಿಸಿಯಾಗುತ್ತದೆ, ಎಂಜಿನ್ ಶಕ್ತಿ ಪಂಪ್ ತಿರುಗಿಸಲು ಖರ್ಚಾಗುತ್ತದೆ.

ಬಿಲ್ಲೆಟ್ ಅಂತ ಡಬ್ಬಿ ಮೇಲಿದ್ದರೆ ಸಾಲದು. ಮುಚ್ಚಳ ಬಿಚ್ಚಿಸಿ, ಗೇರ್ ಮೇಲೆ ಸ್ಟೀಲ್ ಪಟ್ಟಿ ಅಡ್ಡ ಇಟ್ಟು, ಸಂದಿ ಅಳೆಯುವ ತೆಳು ತಗಡು, ಫೀಲರ್ ಗೇಜ್ ತೂರಿಸಿ, ಎಂಜಿನ್ ಮ್ಯಾನ್ಯುಯಲ್‌ನ ಅಳತೆಗೆ ಹೋಲಿಸಿ. ಫಿಟ್ ಮಾಡುವಾಗ ಪಂಪ್ ಒಳಗೆ ಆಯಿಲ್ ತುಂಬಿ. ಒಣ ಪಂಪ್ ಎಳೆಯುವುದಿಲ್ಲ. ಆಮೇಲೆ ಸ್ಪಾರ್ಕ್ ಪ್ಲಗ್ ತೆಗೆದು, ಪೆಟ್ರೋಲ್ ಸಪ್ಲೈ ನಿಲ್ಲಿಸಿ ಸ್ಟಾರ್ಟರ್‌ನಿಂದ ಎಂಜಿನ್ ಸುತ್ತಿಸಿ. ಗೇಜಿನ ಮುಳ್ಳು ಎದ್ದ ಮೇಲೆ ಪ್ಲಗ್ ಹಾಕಿ.