ಅಪ್ನಿಯಾದ ‘ಅ’ ಯಾವುದಕ್ಕೆ ಅಂಟಿದೆ?

ಬಳ್ಳಾರಿಯ ಮೋತಿ ಸರ್ಕಲ್ ಹತ್ತಿರದ ಗೋಡೆಯ ಮೇಲೆ ಮೊನ್ನೆ ಉಚಿತ ತಪಾಸಣಾ ಶಿಬಿರವೊಂದರ ಪೋಸ್ಟರ್ ಕಂಡಿತು: ‘ಸ್ಲೀಪ್ ಅಪ್ನಿಯಾ, ಅಂದರೆ ನಿದ್ರಾಹೀನತೆ’. ಎರಡೇ ದಿನದಲ್ಲಿ ಅದೇ ಸಾಲು ನಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂತು. 2022ರ ಫೆಬ್ರುವರಿಯಲ್ಲಿ ಹಿಂದಿ ಸಿನಿಮಾದ ಸಂಗೀತಗಾರ ಬಪ್ಪಿ ಲಹಿರಿ ತೀರಿಕೊಂಡು, ವೈದ್ಯರು ಈ ಕಾಯಿಲೆಯ ಹೆಸರು ಹೇಳಿದಾಗಲೂ ‘ಪಾಪ, ನಿದ್ದಿನೇ ಬರ್ತಿದ್ದಿಲ್ಲಂತ’ ಎಂದವರಿದ್ದರು.

ಈ ಕಾಯಿಲೆಯವರಲ್ಲಿ ಹೆಚ್ಚಿನವರಿಗೆ ನಿದ್ದೆ ಬರುತ್ತದೆ. ಬೇಡದ ಕಡೆಯೂ ಬರುತ್ತದೆ: ಬಸ್ಸಿನಲ್ಲಿ, ಮೀಟಿಂಗಿನಲ್ಲಿ, ಉಂಡ ಕೈ ಆರುವ ಮುಂಚೆ.

ಅಪ್ನಿಯಾ ಎಂಬ ಪದದಲ್ಲಿ ನಿದ್ದೆಯ ಸುಳಿವೇ ಇಲ್ಲ. ಗ್ರೀಕಿನಲ್ಲಿ ‘ಪ್ನೋಯೆ’ ಎಂದರೆ ಉಸಿರು. ಮುಂದೆ ಕುಳಿತಿರುವ ‘ಅ’ ನಮಗೆ ಹೊಸಬನಲ್ಲ. ಅಜೀರ್ಣ, ಅಶಕ್ತಿ, ಅನ್ಯಾಯಗಳಲ್ಲಿರುವ ಸಂಸ್ಕೃತದ ‘ಅ’ಕಾರದ ಒಡಹುಟ್ಟು. ಗ್ರೀಕ್, ಸಂಸ್ಕೃತ ಎರಡಕ್ಕೂ ಅದು ಒಂದೇ ಮೂಲದಿಂದ ಬಂದದ್ದು. ಜೀರ್ಣವಾಗದ್ದು ಅಜೀರ್ಣ, ಉಸಿರಿಲ್ಲದ್ದು ಅಪ್ನಿಯಾ. ‘ಸ್ಲೀಪ್’ ಅದು ನಡೆಯುವ ಹೊತ್ತನ್ನು ಹೇಳುತ್ತದೆ, ಅಷ್ಟೇ. ಅನಿದ್ರೆಯ ‘ಅ’ ನಿದ್ದೆಗೆ ಅಂಟಿದೆ, ಅಪ್ನಿಯಾದ ‘ಅ’ ಉಸಿರಿಗೆ. ಇಷ್ಟು ನೆನಪಿದ್ದರೆ ಆ ಪೋಸ್ಟರ್ ಅಚ್ಚಾಗುತ್ತಿರಲಿಲ್ಲ.

ಹೆಸರಿನ ಮುಂದೆ ‘ಅಬ್‌ಸ್ಟ್ರಕ್ಟಿವ್’ (ದಾರಿ ಕಟ್ಟಿ ಆಗುವ) ಸೇರಿದಾಗಿನ ಅನುವಾದಗಳು ಇನ್ನೂ ಚೆಂದ. ‘ಪ್ರತಿಬಂಧಕ ನಿದ್ರಾ...’ ಎಂದು ಶುರುವಾದರೆ ಊರಲ್ಲಿ ಪ್ರತಿಬಂಧಕಾಜ್ಞೆ ಜಾರಿಯಾದಂತೆ ಕೇಳುತ್ತದೆ. ಇಲ್ಲಿ ಮುಚ್ಚಿಕೊಳ್ಳುವುದು ಗಂಟಲು. ನಿದ್ದೆಯಲ್ಲಿ ಅಲ್ಲಿನ ಸ್ನಾಯುಗಳು ಸಡಿಲವಾಗಿ, ನಾಲಿಗೆಯ ಬುಡ ಹಿಂದಕ್ಕೆ ಜಾರಿ, ಗಾಳಿಯ ದಾರಿ ಕಟ್ಟುತ್ತದೆ. ಎದೆ ಎಳೆಯುತ್ತಲೇ ಇರುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ಹೀಗೆ 10 ಸೆಕೆಂಡ್ ನಿಂತರೆ ಅದು ಒಂದು ಅಪ್ನಿಯಾ. ಪೂರ್ತಿ ನಿಂತದ್ದನ್ನೂ ಅರ್ಧಂಬರ್ಧ ನಿಂತದ್ದನ್ನೂ ಕೂಡಿಸಿ, ದೊಡ್ಡವರಲ್ಲಿ ಗಂಟೆಗೆ 5ರಿಂದ 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, 30 ದಾಟಿದರೆ ತೀವ್ರ. 5ರ ಒಳಗಿದ್ದರೆ ಚಿಂತೆಯಿಲ್ಲ. ‘ಉಸಿರುಕಟ್ಟು’ ಎಂಬ ಮಾತು ನಮ್ಮಲ್ಲಿ ಮೊದಲಿಂದಲೂ ಇದೆ. ‘ನಿದ್ದೆಯ ಉಸಿರುಕಟ್ಟು’ ಎಂದರೆ ಯಾರಿಗೆ ತಿಳಿಯುವುದಿಲ್ಲ?

ಗೊರಕೆಯೇ ಅಪ್ನಿಯಾ ಅನ್ನುವವರೂ ಇದ್ದಾರೆ. ಅದೂ ಸರಿಯಲ್ಲ. ಸಿರುಗುಪ್ಪದ ನನ್ನ ಸೋದರಮಾವ ಬ್ಯಾಸಿಗಿಯಲ್ಲಿ ಮಾಳಿಗೆ ಮೇಲೆ ಮಲಗಿದರೆ ಮೂರು ಮನೆ ಆಚೆಗೂ ಗೊರಕೆ ಕೇಳುತ್ತಿತ್ತು. ‘ಏನ್ ನಿದ್ದಿ ಮಾಡ್ತಾನಪಾ, ಪುಣ್ಯವಂತ’ ಅನ್ನುತ್ತಿದ್ದರು. ಒಂದು ರಾತ್ರಿ ಪಕ್ಕದಲ್ಲಿ ಮಲಗಿದ್ದೆ. ಗೊರಕೆ ಏರಿತು, ಏರಿತು, ಫಕ್ಕನೆ ನಿಂತಿತು. ಎಣಿಸತೊಡಗಿದೆ. ಹದಿನೆಂಟಕ್ಕೆ ನೀರಿನಿಂದ ತಲೆ ಎತ್ತಿದವನಂತೆ ‘ಗಕ್’ ಎಂದು ಉಸಿರೆಳೆದು, ಕಾಲು ಝಾಡಿಸಿ, ಮಗ್ಗುಲಾದ. ಕಾಯಿಲೆ ಇದ್ದದ್ದು ಆ ಹದಿನೆಂಟು ಎಣಿಕೆಯ ಸದ್ದಿಲ್ಲದ ಜಾಗದಲ್ಲಿ. ಅತ್ತೆಗೆ ಇದು ಮೊದಲೇ ಗೊತ್ತಿತ್ತು: ‘ಗೊರಕಿ ಹೊಡ್ಯಾವಾಗ ನನಗ ನಿದ್ದಿ ಬರತೈತಿ, ನಿಂತಾಗ ಎಚ್ಚರಾಗತೈತಿ.’ ನಮ್ಮ ಕಡೆ ರೈಸ್ ಮಿಲ್ಲಿನ ವಾಚ್‌ಮನ್‌ಗಳೂ ಹೀಗೇ, ಮಿಲ್ ನಿಂತರೆ ಏಳುತ್ತಾರೆ.

ಮಾವನನ್ನು ಕೇಳಿದರೆ ‘ಎಂಟ್ ತಾಸ್ ಮಕ್ಕಂತೀನಿ, ನನಗೇನಾಗೈತಿ?’ ನಿದ್ರಾಹೀನತೆಯವನಿಗೆ ತಾನು ಮಲಗಲಿಲ್ಲ ಎನ್ನುವುದು ಗೊತ್ತಿರುತ್ತದೆ. ಇವನಿಗೆ ಗೊತ್ತಿರುವುದಿಲ್ಲ. ಉಸಿರು ನಿಂತಾಗಲೆಲ್ಲ ರಕ್ತದ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಾಗಿ ಅರೆಕ್ಷಣ ಎಬ್ಬಿಸುತ್ತದೆ, ಬಿಪಿ ಏರುತ್ತದೆ. ಬೆಳಿಗ್ಗೆ ಇದ್ಯಾವುದೂ ನೆನಪಿಲ್ಲ. ಉಳಿಯುವುದು ತಲೆನೋವು, ಒಣಗಿದ ಬಾಯಿ, ಮೂಗಿನ ತುದಿಯ ಸಿಟ್ಟು, ಮರೆವು. ಮಾವ ರಾತ್ರಿ ಮೂರು ಸಲ ಮೂತ್ರಕ್ಕೆ ಏಳುವುದನ್ನು ಎಲ್ಲರೂ ಶುಗರ್ ಲೆಕ್ಕಕ್ಕೆ ಬರೆದಿದ್ದರು. ಬಿಪಿ ಗುಳಿಗೆ ಒಂದರಿಂದ ಮೂರಕ್ಕೆ ಹೋಗಿತ್ತು. ವರ್ಷಗಟ್ಟಲೆ ಹಾಗೇ ಬಿಟ್ಟರೆ ಹೃದಯದ ಲಯ ತಪ್ಪುವ, ಪಾರ್ಶ್ವವಾಯು ಬಡಿಯುವ ಸಾಧ್ಯತೆ ಹೆಚ್ಚುತ್ತದೆ. ದಪ್ಪಗಿದ್ದವರಿಗೆ ಮಾತ್ರ ಎಂದೂ ಅಲ್ಲ. ದವಡೆ ಸಣ್ಣದಿದ್ದ ತೆಳ್ಳನೆಯವರಿಗೂ, ಟಾನ್ಸಿಲ್ ಊದಿದ ಮಕ್ಕಳಿಗೂ ಬರುತ್ತದೆ.

ಬರೀ ಪದದ ತಕರಾರಾಗಿದ್ದರೆ ಬಿಡುತ್ತಿದ್ದೆ. ನಿದ್ರಾಹೀನತೆ ಎಂದುಕೊಂಡವನು ಮೆಡಿಕಲ್ ಶಾಪಿನಲ್ಲಿ ನಿದ್ದೆ ಗುಳಿಗೆ ಕೇಳುತ್ತಾನೆ, ಇಲ್ಲವೇ ‘ಒಂದ್ ಕ್ವಾರ್ಟರ್ ಹಾಕಿದ್ರ ಛಲೋ ನಿದ್ದಿ’ ಅನ್ನುತ್ತಾನೆ. ಕುಡಿತವೂ ಕೆಲವು ನಿದ್ದೆ ಗುಳಿಗೆಗಳೂ ಉಸಿರುಕಟ್ಟನ್ನು ಹೆಚ್ಚಿಸುತ್ತವೆ. ಸಂಡೂರಿನಿಂದ ಅದಿರು ತುಂಬಿಕೊಂಡು ಬೆಳಗಿನ ಜಾವ ಲಾರಿ ಓಡಿಸುವವನಿಗೆ ಇದೇ ಕಾಯಿಲೆ ಇದ್ದರೆ ಎದುರಿಗೆ ಬರುವವರ ಗತಿಯೇನು?

ಕೊನೆಗೆ ಒಂದು ರಾತ್ರಿ ಮೈಗೆಲ್ಲ ವೈರು ಹಚ್ಚಿ ಪರೀಕ್ಷೆ ಮಾಡಿ ಮಾವನಿಗೆ ಸಿಪ್ಯಾಪ್ ಎಂಬ ಯಂತ್ರ ಕೊಟ್ಟರು. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವಾನ್ ಜಗತ್ತಿಗೆ ತೋರಿಸಿದ ಉಪಾಯ ಇದು: ಮೂಗಿಗೆ ಮಾಸ್ಕ್ ಇಟ್ಟು ಗಾಳಿಯ ಒತ್ತಡದಿಂದ ಗಂಟಲು ಮುಚ್ಚದಂತೆ ನೋಡಿಕೊಳ್ಳುವುದು. ಒಳಗೆ ಹೋಗುವುದು ಕೋಣೆಯದೇ ಗಾಳಿ. ಓಣಿಯಲ್ಲಿ ಮಾತ್ರ ‘ಆಕ್ಸಿಜನ್ ಹಚ್ಯಾರಂತ’ ಎಂದು ಸುದ್ದಿಯಾಗಿ, ಇಬ್ಬರು ಎಳನೀರು ಹಿಡಿದು ನೋಡಲು ಬಂದರು.

ಮೊದಲ ನಾಲ್ಕು ರಾತ್ರಿ ಅತ್ತೆಗೆ ನಿದ್ದೆ ಬರಲಿಲ್ಲ. ಗೊರಕೆ ಇಲ್ಲದ ಕೋಣೆಯಲ್ಲಿ ಎದ್ದೆದ್ದು ಕುಳಿತು, ಮಾವನ ಎದೆ ಏರಿಳಿಯುತ್ತಿದೆಯೋ ಇಲ್ಲವೋ ಎಂದು ಕೈ ಇಟ್ಟು ನೋಡುತ್ತಿದ್ದಳು.