ಎಂಡಿಯಾ, ಡಿಒನಾ? ಮೂರನೇ ವರ್ಷ ಯಾವ ಆಸ್ಪತ್ರೆ ಅಂತ ಕೇಳಿ

ಮಾರ್ಚ್ ಬಂತೆಂದರೆ ಅಮೆರಿಕದ ಕನ್ನಡದ ಮನೆಗಳಿಂದ ನನಗೆ ಫೋನು ಶುರುವಾಗುತ್ತದೆ. "ಮಗಳಿಗೆ ಡಿಒ ಕಾಲೇಜಲ್ಲಿ ಸೀಟು ಸಿಕ್ಕಿದೆ ಡಾಕ್ಟ್ರೇ. ಎಂಡಿ ಎಲ್ಲೂ ಆಗಲಿಲ್ಲ. ಬಿಟ್ಟು ಇನ್ನೊಂದು ವರ್ಷ ಕಾಯೋದಾ?" ದನಿಯಲ್ಲಿ ಸಂತೋಷಕ್ಕಿಂತ ಮುಜುಗರವೇ ಜಾಸ್ತಿ. ಊರಲ್ಲಿರುವ ಅಜ್ಜಿಗೆ ಏನಂತ ಹೇಳೋದು ಅನ್ನುವ ಚಿಂತೆ ಬೇರೆ. ಡಿಒ ಅಂದರೆ ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್, ಇಲ್ಲಿ ಎಂಡಿಯ ಹಾಗೇ ಡಾಕ್ಟರಾಗುವ ಇನ್ನೊಂದು ಡಿಗ್ರಿ. ನಾನು ಇಲ್ಲಿನ ಆಸ್ಪತ್ರೆಯೊಂದರಲ್ಲಿ ಇಂಟರ್ನಲ್ ಮೆಡಿಸಿನ್ ವೈದ್ಯ. ರೆಸಿಡೆಂಟ್‌ಗಳನ್ನು (ಕಾಲೇಜು ಮುಗಿಸಿ ಆಸ್ಪತ್ರೆಯಲ್ಲಿ ತರಬೇತಿ ಪಡೆಯುವ ಡಾಕ್ಟರುಗಳನ್ನು) ಆರಿಸುವ ಸಮಿತಿಯಲ್ಲೂ ಇದ್ದೇನೆ. ಆ ಮೇಜಿನ ಈಚೆ ಕಡೆಯಿಂದ ಕಾಣುವುದನ್ನು ಹೇಳುತ್ತೇನೆ.

ಊರಲ್ಲಿ ಎಂಡಿ ಅಂದರೆ ಎಂಬಿಬಿಎಸ್ ಆದಮೇಲಿನ ಓದು. ಅಮೆರಿಕದಲ್ಲಿ ಎಂಡಿ, ಡಿಒ ಎರಡೂ ನಮ್ಮ ಎಂಬಿಬಿಎಸ್ ಇರುವ ಜಾಗದಲ್ಲೇ ಇವೆ. ಮೊದಲು ಒಂದು ಡಿಗ್ರಿ, ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ, ನಾಲ್ಕು ವರ್ಷ ಮೆಡಿಕಲ್ ಕಾಲೇಜು, ಆಮೇಲೆ ರೆಸಿಡೆನ್ಸಿ. ಡಿಒ ಮಾಡಿದವರು 50 ರಾಜ್ಯಗಳಲ್ಲೂ ಔಷಧಿ ಬರೆಯಬಹುದು, ಆಪರೇಷನ್ ಮಾಡಬಹುದು. ಬ್ರಿಟನ್ನಿನ ಆಸ್ಟಿಯೋಪಥ್‌ಗಳ ಜೊತೆ ಇವರನ್ನು ಸೇರಿಸಬೇಡಿ. ಅವರು ಕೈಯಿಂದ ಚಿಕಿತ್ಸೆ ಮಾಡುವವರು, ಔಷಧಿ ಬರೆಯುವ ಅಧಿಕಾರ ಅವರಿಗಿಲ್ಲ. 2020ರಲ್ಲಿ ಟ್ರಂಪ್‌ಗೆ ಕೋವಿಡ್ ಬಂದಾಗ ನೋಡಿಕೊಂಡ ಶ್ವೇತಭವನದ ವೈದ್ಯ ಶಾನ್ ಕಾನ್ಲಿ ಡಿಒ. ಬೈಡನ್‌ರ ವೈದ್ಯ ಕೆವಿನ್ ಒ'ಕಾನರ್ ಕೂಡ ಡಿಒನೇ. ಅಜ್ಜಿಗೆ ಇಷ್ಟು ಹೇಳಿದರೆ ಸಾಕು.

ಡಿಒಗಳ ಈ ಆಸ್ಟಿಯೋಪಥಿ ಪದ್ಧತಿ ಶುರು ಮಾಡಿದ್ದು ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯ. ಆಗಿನ ಕಾಲದ ಪಾದರಸದ ಔಷಧಿಗಳನ್ನು ನೋಡಿ ರೋಸಿಹೋಗಿದ್ದ ಮನುಷ್ಯ. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಕಾಲೇಜು ತೆರೆದ. ಎಂಡಿಗಳು ಬಹಳ ಕಾಲ ಡಿಒಗಳನ್ನು ಹತ್ತಿರ ಸೇರಿಸಲಿಲ್ಲ. 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ತಮಾಷೆಯೇ ನಡೆಯಿತು. 65 ಡಾಲರ್ ಕಟ್ಟಿದ ಡಿಒಗಳಿಗೆ ಎಂಡಿ ಡಿಗ್ರಿ ಕೊಟ್ಟರು. ನಿನ್ನೆ ಬೇಡವಾಗಿದ್ದ ಡಾಕ್ಟರು ಬೆಳಗಾಗುವುದರಲ್ಲಿ ಬೇಕಾದವರಾದರು!

ಇವತ್ತು ಓದಿನಲ್ಲಿರುವ ವ್ಯತ್ಯಾಸ ಚಿಕ್ಕದು. ಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದ ಸರಿಪಡಿಸುವ ತರಬೇತಿ ಡಿಒಗಳಿಗೆ ಸುಮಾರು 200 ಗಂಟೆ ಜಾಸ್ತಿ ಇರುತ್ತದೆ. ಅದರಲ್ಲಿ ಕೆಲವಕ್ಕೆ ಆಧಾರ ಇದೆ. ಸೊಂಟನೋವಿಗೆ ಇಂಥ ಕೈಚಿಕಿತ್ಸೆಯನ್ನೂ ನೋಡಬಹುದು ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಎಂಬ ವೈದ್ಯರ ಸಂಘ 2017ರಲ್ಲೇ ಹೇಳಿದೆ. ತಲೆಬುರುಡೆಯ ಮೂಳೆಗಳನ್ನು ಮೆಲ್ಲಗೆ ಒತ್ತಿ ರೋಗ ವಾಸಿ ಮಾಡುತ್ತೇವೆ ಅನ್ನುವ ಭಾಗವನ್ನು ಮಾತ್ರ ನಾನು ನಂಬುವುದಿಲ್ಲ. ಡಿಒ ಗೆಳೆಯರಲ್ಲೂ ಎಷ್ಟೋ ಜನ ನಂಬುವುದಿಲ್ಲ, ಪರೀಕ್ಷೆಗೆ ಓದಿ ಬಿಟ್ಟಿದ್ದಾರೆ.

ರೆಸಿಡೆನ್ಸಿ ವಿಷಯ. 2020ರಿಂದ ಎಂಡಿ, ಡಿಒ ಎಲ್ಲರಿಗೂ ಒಂದೇ ವ್ಯವಸ್ಥೆ. ರೆಸಿಡೆನ್ಸಿ ಜಾಗ ಹಂಚುವ 2024ರ ಮ್ಯಾಚ್‌ನಲ್ಲಿ ಕೊನೆಯ ವರ್ಷದ ಎಂಡಿ ವಿದ್ಯಾರ್ಥಿಗಳಲ್ಲಿ ಶೇ. 93.5 ಜನಕ್ಕೆ ಜಾಗ ಸಿಕ್ಕಿತು, ಡಿಒಗಳಲ್ಲಿ ಶೇ. 92.3. ಹಾಗಾದರೆ ಎರಡೂ ಒಂದೇ ಅಲ್ವಾ? ಪೂರ್ತಿ ಒಂದೇ ಅಲ್ಲ. ನ್ಯೂರೋಸರ್ಜರಿ, ಪ್ಲಾಸ್ಟಿಕ್ ಸರ್ಜರಿ, ಡರ್ಮಟಾಲಜಿ ಇಂಥ ಕಡೆ ಡಿಒಗಳು ಈಗಲೂ ತೀರಾ ಕಡಿಮೆ. ದೊಡ್ಡ ಯೂನಿವರ್ಸಿಟಿ ಆಸ್ಪತ್ರೆಗಳಲ್ಲಿ ಹಳೇ ಅಭ್ಯಾಸ ಪೂರ್ತಿ ಹೋಗಿಲ್ಲ. ಡಿಒಗಳ ಲೈಸೆನ್ಸ್ ಪರೀಕ್ಷೆ ಕಾಮ್ಲೆಕ್ಸ್, ಎಂಡಿಗಳದ್ದು ಯುಎಸ್ಎಂಎಲ್ಇ. ಅರ್ಜಿ ನೋಡುವ ಎಷ್ಟೋ ಜನಕ್ಕೆ ಕಾಮ್ಲೆಕ್ಸ್ ಅಂಕ ತೂಗಿ ನೋಡುವುದೇ ಗೊತ್ತಿಲ್ಲ. ಹಾಗಾಗಿ ಪೈಪೋಟಿ ಇರುವ ವಿಭಾಗಕ್ಕೆ ಹೋಗಬೇಕೆನ್ನುವ ಡಿಒ ವಿದ್ಯಾರ್ಥಿ ಎರಡನ್ನೂ ಬರೆಯುತ್ತಾನೆ. ಎರಡು ಓದು, ಎರಡು ಫೀಸು. ಇದು ಅನ್ಯಾಯವೇ, ಆದರೆ ಸದ್ಯಕ್ಕೆ ಹೀಗೇ ಇದೆ. ಫ್ಯಾಮಿಲಿ ಮೆಡಿಸಿನ್, ಇಂಟರ್ನಲ್ ಮೆಡಿಸಿನ್, ಮಕ್ಕಳ ವಿಭಾಗ ಸಾಕು ಅನ್ನುವವರಿಗೆ ಈ ತಲೆನೋವು ಅಷ್ಟಿಲ್ಲ.

ನನಗೆ ನಿಜವಾಗಿ ಬೇಸರ ತರುವುದು ಬೇರೆ. ಡಿಒ ಬೇಡ ಅಂತ ಬಿಟ್ಟು, ಎಂಡಿ ಅನ್ನುವ ಎರಡಕ್ಷರಕ್ಕಾಗಿ ಮಕ್ಕಳನ್ನು ಕೆರಿಬಿಯನ್ ದ್ವೀಪದ ಕಾಲೇಜಿಗೆ ಕಳಿಸುವ ಅಪ್ಪ ಅಮ್ಮಂದಿರಿದ್ದಾರೆ. ಅದೇ 2024ರಲ್ಲಿ ಹೊರದೇಶದಲ್ಲಿ ಓದಿ ಬಂದ ಅಮೆರಿಕದ ಪ್ರಜೆಗಳಲ್ಲಿ ಜಾಗ ಸಿಕ್ಕಿದ್ದು ಶೇ. 67 ಜನಕ್ಕೆ. ಅದೂ ಮ್ಯಾಚ್‌ವರೆಗೆ ಬಂದವರ ಲೆಕ್ಕ. ನಡುವೆ ಫೇಲಾಗಿ, ಸಾಲ ಹೊತ್ತು ವಾಪಸ್ ಬಂದವರು ಇದರಲ್ಲಿ ಸೇರಿಲ್ಲ. ಕೈಯಲ್ಲಿ ಡಿಒ ಸೀಟು ಇಟ್ಟುಕೊಂಡು ಆ ದಾರಿ ಹಿಡಿಯುವುದು ಬೇಡವೇ ಬೇಡ.

ಹಾಗಂತ ಸಿಕ್ಕ ಡಿಒ ಕಾಲೇಜಿಗೆಲ್ಲ ಕಣ್ಣುಮುಚ್ಚಿ ಸೇರಿ ಅನ್ನಲಾರೆ. ಮೊದಲೆರಡು ವರ್ಷ ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ, ಮಕ್ಕಳು ಮನೆಯಲ್ಲೇ ಕೂತು ವಿಡಿಯೋ ನೋಡಿ ಓದುತ್ತಾರೆ. ಡಾಕ್ಟರಾಗುವುದು ಮೂರು, ನಾಲ್ಕನೇ ವರ್ಷ ವಾರ್ಡಿನಲ್ಲಿ. ಎಂಡಿ ಕಾಲೇಜಿಗೆ ಸಾಮಾನ್ಯವಾಗಿ ಪಕ್ಕದಲ್ಲೇ ದೊಡ್ಡ ಆಸ್ಪತ್ರೆ ಇರುತ್ತದೆ. ಅನೇಕ ಡಿಒ ಕಾಲೇಜುಗಳಿಗೆ ಸ್ವಂತ ಆಸ್ಪತ್ರೆ ಇಲ್ಲ. ವಿದ್ಯಾರ್ಥಿಗಳನ್ನು ಬೇರೆ ಬೇರೆ ಊರುಗಳ ಸಣ್ಣ ಆಸ್ಪತ್ರೆಗಳಿಗೆ ಹಂಚುತ್ತಾರೆ. ಕೆಲವು ಕಡೆ ರೆಸಿಡೆಂಟ್‌ಗಳೇ ಇರುವುದಿಲ್ಲ. ಒಬ್ಬ ಡಾಕ್ಟರ ಹಿಂದೆ ಸುಮ್ನೆ ಓಡಾಡಿ ಬಂದ ಹುಡುಗ ಇಂಟರ್ವ್ಯೂನಲ್ಲಿ ಐದು ನಿಮಿಷಕ್ಕೆ ಗೊತ್ತಾಗುತ್ತಾನೆ. "ರಾತ್ರಿ ಪಾಳಿಯಲ್ಲಿ ನೀನೇ ಅಡ್ಮಿಟ್ ಮಾಡಿಕೊಂಡ ಒಬ್ಬ ರೋಗಿಯ ಬಗ್ಗೆ ಹೇಳು" ಅಂದರೆ ತಡವರಿಸುತ್ತಾನೆ. ದಡ್ಡ ಅಂತಲ್ಲ, ಅವನಿಗೆ ಆ ಅವಕಾಶವೇ ಸಿಕ್ಕಿಲ್ಲ. ಸೇರುವ ಮೊದಲು ಕೇಳಿ: ಮೂರನೇ ವರ್ಷ ಯಾವ ಊರು? ಜಾಗ ಲಾಟರಿಯಲ್ಲಿ ಕೊಡುತ್ತೀರಾ? ಆ ಆಸ್ಪತ್ರೆಯಲ್ಲಿ ರೆಸಿಡೆಂಟ್‌ಗಳಿದ್ದಾರಾ? ಕಾಲೇಜಿನವರ ಉತ್ತರ ಸಾಲದು, ಈಗ ಮೂರನೇ ವರ್ಷದಲ್ಲಿರುವ ಒಬ್ಬರನ್ನು ಹಿಡಿದು ಕೇಳಿ.

ಇನ್ನು ದುಡ್ಡು. ಡಿಒ ಕಾಲೇಜುಗಳಲ್ಲಿ ಹೆಚ್ಚಿನವು ಖಾಸಗಿ. ಖಾಸಗಿ ಕಾಲೇಜಿನಲ್ಲಿ ನಾಲ್ಕು ವರ್ಷದ ಫೀಸು, ಊಟ, ಬಾಡಿಗೆ ಸೇರಿ 3 ಲಕ್ಷ ಡಾಲರ್ ದಾಟುವುದು ಮಾಮೂಲಿ. 2025ರಲ್ಲಿ ಬಂದ ಕಾಯ್ದೆಯ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವ ಮೆಡಿಕಲ್ ವಿದ್ಯಾರ್ಥಿಗೆ ಕೇಂದ್ರ ಸರ್ಕಾರದ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್ ಮಾತ್ರ. ಉಳಿದದ್ದಕ್ಕೆ ಖಾಸಗಿ ಸಾಲ, ಅದಕ್ಕೆ ಬಹುಪಾಲು ಅಪ್ಪ ಅಮ್ಮನ ಸಹಿ. ಆದ್ದರಿಂದ ಟೆಕ್ಸಾಸ್‌ನವರ ಮಗಳಿಗೆ ಫೋರ್ಟ್ ವರ್ತ್‌ನ ಸರ್ಕಾರಿ ಡಿಒ ಕಾಲೇಜು ಸಿಕ್ಕಿ, ಜೊತೆಗೆ ದೂರದ ದುಬಾರಿ ಖಾಸಗಿ ಎಂಡಿಯೂ ಸಿಕ್ಕರೆ? ಡರ್ಮಟಾಲಜಿಯ ಹುಚ್ಚಿಲ್ಲದಿದ್ದರೆ ನಾನು ಫೋರ್ಟ್ ವರ್ತ್ ಅನ್ನುತ್ತೇನೆ. ಎರಡರ ಖರ್ಚೂ ಹೆಚ್ಚುಕಮ್ಮಿ ಒಂದೇ ಆದರೆ ಎಂಡಿಗೇ ಹೋಗಲಿ, ಅದರಲ್ಲಿ ಮುಜುಗರ ಬೇಕಿಲ್ಲ.

ಎಚ್-4 ವೀಸಾದಲ್ಲಿ (ಕೆಲಸದ ವೀಸಾದಲ್ಲಿ ಬಂದವರ ಮನೆಯವರಿಗೆ ಕೊಡುವುದು) ಬೆಳೆದ ಮಕ್ಕಳ ಪಾಡು ಇನ್ನೂ ಬಿಗಿ. 21 ತುಂಬಿದರೆ ಆ ವೀಸಾ ಇಲ್ಲ, ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗಬೇಕು. ಕೇಂದ್ರದ ಸಾಲ ಒಂದು ಡಾಲರ್ ಕೂಡ ಸಿಗುವುದಿಲ್ಲ. ಅನೇಕ ಸರ್ಕಾರಿ ಕಾಲೇಜುಗಳು ಗ್ರೀನ್ ಕಾರ್ಡ್ ಇಲ್ಲದವರ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಕೆಲವು ಕಾಲೇಜುಗಳು ಪೂರ್ತಿ ಹಣ ಇದೆ ಅಂತ ಮೊದಲೇ ತೋರಿಸಿ ಅನ್ನುತ್ತವೆ. ಇಂಥ ಮನೆಯವರು ಎಂಡಿ, ಡಿಒ ಅಂತ ಯೋಚಿಸುವ ಮೊದಲು ಪ್ರತಿ ಕಾಲೇಜಿಗೂ ಇಮೇಲ್ ಹಾಕಿ, ವೀಸಾದಲ್ಲಿರುವವರನ್ನು ತೆಗೆದುಕೊಳ್ಳುತ್ತೀರಾ ಅಂತ ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಅರ್ಜಿ ಫೀಸು ಕಟ್ಟುವುದು ಆಮೇಲೆ.