ಫೋನಿನ ಮೂಲೆಯಲ್ಲಿ 5ಜಿ ಇದೆ, ವಿಡಿಯೊ ಯಾಕೆ ಸುತ್ತುತ್ತಿದೆ?

ಹೋದ ತಿಂಗಳು ತಿಪಟೂರಿನಲ್ಲಿ ಡ್ರೈವ್ ಟೆಸ್ಟ್ ಇತ್ತು. ಕಾರಿನಲ್ಲಿ ಲ್ಯಾಪ್‌ಟಾಪ್, ಅದಕ್ಕೆ ಕೇಬಲ್ ಹಾಕಿದ ಫೋನುಗಳು, ಊರೆಲ್ಲ ಸುತ್ತಿ ಸಿಗ್ನಲ್ ಅಳೆಯುವ ಕೆಲಸ. ಟೀ ಕುಡಿಯಲು ನಿಂತಾಗ ಅಂಗಡಿಯವರು ತಮ್ಮ ಫೋನ್ ತೋರಿಸಿದರು. "ನೋಡಿ ಸಾರ್, ಮೇಲೆ 5ಜಿ ಅಂತ ಇದೆ. ವಿಡಿಯೊ ಸುತ್ತುತ್ತಾನೇ ಇದೆ." ಅದೇ ಕಂಪನಿಯ ಸಿಮ್ ಇದ್ದ ನನ್ನ ಫೋನಿನಲ್ಲೂ 5ಜಿ ಗುರುತಿತ್ತು. ಲ್ಯಾಪ್‌ಟಾಪ್ ನೋಡಿದರೆ, ಡೇಟಾ ಅಷ್ಟೂ 4ಜಿಯಲ್ಲಿ ಬರುತ್ತಿತ್ತು.

ಕೆಲವು ನೆಟ್‌ವರ್ಕ್‌ಗಳಲ್ಲಿ 5ಜಿ ಒಂಟಿಯಾಗಿ ನಡೆಯುವುದಿಲ್ಲ. ಫೋನ್ ಮೊದಲು 4ಜಿ ಹಿಡಿಯುತ್ತದೆ, ಆಮೇಲೆ ಜೊತೆಗೆ 5ಜಿ ಸೇರುತ್ತದೆ. ಹಾಗಾಗಿ 4ಜಿ ಟವರು "ಇಲ್ಲಿ 5ಜಿ ಸಿಗಬಹುದು" ಎಂದು ಸುತ್ತಲಿನ ಎಲ್ಲ ಫೋನುಗಳಿಗೂ ಸಾರುತ್ತಿರುತ್ತದೆ. ಅದು ಒಂದೇ ಒಂದು ಬಿಟ್‌ನ ಸೂಚನೆ. ಅದು ಕಂಡರೆ ಸಾಕು, ಎಷ್ಟೋ ಫೋನುಗಳು 5ಜಿ ಅಂತ ತೋರಿಸಿಬಿಡುತ್ತವೆ. 3500 ಮೆಗಾಹರ್ಟ್ಸ್ ಆಸುಪಾಸಿನ 5ಜಿ ಸಿಗ್ನಲ್ ಜಾಸ್ತಿ ದೂರ ಹೋಗುವುದಿಲ್ಲ, ಗೋಡೆ ದಾಟಲು ಒದ್ದಾಡುತ್ತದೆ. 1800ರ 4ಜಿ ಅದಕ್ಕಿಂತ ದೂರ ಮುಟ್ಟುತ್ತದೆ. ಅಂದರೆ 5ಜಿ ತಲುಪದ ಕಡೆಗೂ 5ಜಿಯ ಗುರುತು ತಲುಪುತ್ತದೆ. ಟೀ ಅಂಗಡಿಯಲ್ಲಿ ಆಗಿದ್ದೂ ಇದೇ.

ಹೀಗೆ ಮಾಡಲು ತಾಂತ್ರಿಕ ಕಾರಣ ಇಲ್ಲದಿಲ್ಲ. ಫೋನ್ ಸುಮ್ನೆ ಇದ್ದಾಗ 5ಜಿ ಕೊಂಡಿ ಬಿಟ್ಟುಹೋಗುತ್ತದೆ, ಗುರುತು ಪದೇ ಪದೇ ಬದಲಾದರೆ ಜನ ಗಾಬರಿಯಾಗುತ್ತಾರೆ. ಆದರೆ ಡೇಟಾ 4ಜಿಯಲ್ಲಿ ಓಡುತ್ತಿರುವಾಗಲೂ 5ಜಿ ಗುರುತನ್ನೇ ತೋರಿಸುವುದನ್ನು ನಾನು ಒಪ್ಪುವುದಿಲ್ಲ. ದುಡ್ಡು ಕೊಟ್ಟವರಿಗೆ ಏನು ಸಿಗುತ್ತಿದೆ ಅಂತ ಗೊತ್ತಾಗಬೇಕು, ಅಲ್ವಾ?

ಅಮೆರಿಕದಲ್ಲಿ ಇದು ಇನ್ನೂ ಮುಂದೆ ಹೋಗಿತ್ತು. 2019ರ ಆರಂಭದಲ್ಲಿ ಅಲ್ಲಿನ ಮೊಬೈಲ್ ಕಂಪನಿ ಎಟಿ ಅಂಡ್ ಟಿ ತನ್ನ ಗ್ರಾಹಕರ 4ಜಿ ಫೋನುಗಳಲ್ಲಿ '5ಜಿ ಇ' ಎಂಬ ಗುರುತು ತಂದಿತು. ಆ ಫೋನುಗಳಲ್ಲಿ 5ಜಿ ಮೋಡೆಮ್ಮೇ ಇರಲಿಲ್ಲ. ಸಿಕ್ಕುತ್ತಿದ್ದದ್ದು ಸುಧಾರಿಸಿದ 4ಜಿ, ಬೇರೆ ಕಂಪನಿಗಳೂ ಆಗಲೇ ಕೊಡುತ್ತಿದ್ದದ್ದು. ನೆಟ್‌ವರ್ಕ್ ವೇಗ ಅಳೆಯುವ ಓಪನ್‌ಸಿಗ್ನಲ್ ಸಂಸ್ಥೆ ಹೋಲಿಸಿ ನೋಡಿದಾಗ ಎದುರಾಳಿ ಕಂಪನಿಗಳಾದ ವೆರೈಝನ್, ಟಿ-ಮೊಬೈಲ್‌ನಲ್ಲಿದ್ದ ಅಂಥದೇ ಫೋನುಗಳ ವೇಗವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಇನ್ನೊಂದು ಎದುರಾಳಿ ಕಂಪನಿ ಸ್ಪ್ರಿಂಟ್ ಕೋರ್ಟಿಗೆ ಹೋಯಿತು, ಕೊನೆಗೆ ರಾಜಿಯಾಯಿತು. 2020ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿ ಈ ಹೆಸರು ದಾರಿ ತಪ್ಪಿಸುತ್ತದೆ, ಬಿಡಿ ಎಂದಿತು. ಕಂಪನಿ ಜಾಹೀರಾತು ನಿಲ್ಲಿಸಲು ಒಪ್ಪಿತು. ಫೋನಿನ ಗುರುತನ್ನು ಮಾತ್ರ ಹಾಗೇ ಉಳಿಸಿಕೊಂಡಿತು!

ನಮ್ಮಲ್ಲಿ 2024ರ ನವೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಎಲ್ಲಿ ಯಾವ ನೆಟ್‌ವರ್ಕ್ ಇದೆ ಎಂಬ ನಕ್ಷೆಯನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ಹಾಕಬೇಕು ಎಂದು ಆದೇಶಿಸಿತು. ಒಳ್ಳೆಯ ಕೆಲಸ. ಸಿಮ್ ಬದಲಿಸುವ ಮುಂಚೆ ಒಮ್ಮೆ ನೋಡಿ. ಆದರೆ ನಕ್ಷೆ ಸಿಗ್ನಲ್ ಇದೆಯೇ ಅಂತ ಹೇಳುತ್ತದೆ, ವೇಗ ಹೇಳುವುದಿಲ್ಲ. ಒಂದು ಟವರಿನ ಡೇಟಾವನ್ನು ಅಲ್ಲಿರುವವರೆಲ್ಲ ಹಂಚಿಕೊಳ್ಳಬೇಕು. ಜಾಹೀರಾತಿನ "ಇಷ್ಟು ಎಂಬಿಪಿಎಸ್‌ವರೆಗೆ" ಎಂಬ ಮಾತಿನಲ್ಲಿ ಆ "ವರೆಗೆ" ರಾತ್ರಿ ಎರಡು ಗಂಟೆಗೆ ನಿಜವಾಗಬಹುದು, ಸಂಜೆ ಎಂಟಕ್ಕೆ ಕಷ್ಟ.

ಟೀ ಅಂಗಡಿಯವರಿಗೆ ವೇಗ ಅಳೆಯುವ ಟ್ರಾಯ್‌ನ ಮೈಸ್ಪೀಡ್ ಆ್ಯಪ್ ಹಾಕಿಕೊಟ್ಟೆ. ವ್ಯಾಪಾರ ಜೋರಾಗಿರುವ ಹೊತ್ತಿನಲ್ಲಿ, ಗಲ್ಲಾಪೆಟ್ಟಿಗೆ ಹತ್ತಿರ ಒಮ್ಮೆ, ರಸ್ತೆಗೆ ಬಂದು ಒಮ್ಮೆ, ಮೂರು ದಿನ ಅಳೆಯಿರಿ ಎಂದೆ. "ಮಗನ ಸಿಮ್ ಬೇರೆ ಕಂಪನಿದು, ಅದರಲ್ಲೂ ನೋಡ್ತೀನಿ" ಎಂದರು.